ಎಲ್ಲ ಗ್ಯಾಸ್ ಕಣ್ರೀ!

ಬಸವನಗುಡಿಯ ನಮ್ಮ ಬೀದಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ವೈದ್ಯರಾದರು. ಮಗ ಅಮೆರಿಕದಿಂದ ತಂದ ಬಿಪಿ ಮಿಷನ್ನೇ ಅವರ ಎಂಬಿಬಿಎಸ್. ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವುದರೊಳಗೆ ತೋಳಿಗೆ ಪಟ್ಟಿ ಸುತ್ತಿಯಾಗಿರುತ್ತದೆ, ಅದೂ ಸ್ವೆಟರಿನ ಮೇಲೆಯೇ. ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಬಿಡಬೇಕು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂರಿಸಬೇಕು, ಬರಿ ತೋಳು ಎದೆಯ ಮಟ್ಟಕ್ಕಿರಬೇಕು, ಮಾತಾಡಿಸಬಾರದು. ಕೊನೆಯದಂತೂ ರಾಯರಿಂದ ಆಗದ ಕೆಲಸ. ಹೀಗಾಗಿ ನಮ್ಮ ಬೀದಿಯಲ್ಲಿ ಬಿಪಿ 150ಕ್ಕಿಂತ ಕಡಿಮೆ ಇರುವವರು ಯಾರೂ ಇಲ್ಲ.

ಮಿಷನ್ ಏನೇ ಹೇಳಲಿ, ರೋಗ ಮಾತ್ರ ಒಂದೇ. ಮಂಡಿನೋವು, ತಲೆಸುತ್ತು, ಸೊಸೆಯ ಸಿಡುಕು, "ಎಲ್ಲ ಗ್ಯಾಸ್ ಕಣ್ರೀ!"

ಮೊನ್ನೆ ಎದುರುಮನೆಯ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಜಗಲಿಯುದ್ದಕ್ಕೂ ಓಡಾಡುತ್ತಿದ್ದರು. ಮಿಷನ್ 176/104 ತೋರಿಸಿತು.

"ಗ್ಯಾಸ್ ತಲೆಗೇರಿದೆ. ಓಮಕ್ಕೆ ಉಪ್ಪು ಸೇರಿಸಿ ಅಗೀರಿ."

"ಬಿಪಿಗೆ ಉಪ್ಪು ಆಗಲ್ವಲ್ಲ ರಾಯರೇ?" ಎಂದರು ಮೇಷ್ಟ್ರ ಹೆಂಡತಿ.

"ಇದು ಔಷಧಿ ಉಪ್ಪಮ್ಮ!"

ಆಕೆ ಆಟೋ ಕರೆದರು. ರಾಯರೂ ಹತ್ತಿದರು. ಕೈಗೆ ಬಂದ ಕೇಸು ಬಿಟ್ಟುಕೊಡುವುದುಂಟೇ?

ಡಾಕ್ಟರಮ್ಮ ಮೊದಲು ಇಸಿಜಿ ಮಾಡಿಸಿದರು. "ನೋವು ಹೊಟ್ಟೇಲಿ, ವೈರು ಎದೆಗೆ!" ಎಂದು ರಾಯರು ನಕ್ಕರು. ಹಾರ್ಟ್ ಅಟ್ಯಾಕ್ ಕೆಲವೊಮ್ಮೆ ಹೊಟ್ಟೆನೋವಿನ ವೇಷದಲ್ಲೇ ಬರುತ್ತದೆ, ಬಿಪಿ ಇರುವವರಿಗೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿಯೂ ನೋವು ಬರಬಹುದು ಎಂದು ಆಕೆ ಹೇಳಿದ್ದೇ ತಡ, ನಗು ನಿಂತಿತು. ರಾಯರ ಕೈ ತಾನಾಗಿ ಸ್ವಂತ ಹೊಟ್ಟೆ ಮುಟ್ಟಿ ನೋಡಿಕೊಂಡಿತು.

ನೋವು ಎಲ್ಲಿ ಶುರುವಾಯ್ತು, ಎಲ್ಲಿಗಿಳೀತು ಎಂಬ ಪ್ರಶ್ನೆಗಳಿಗೆಲ್ಲ ರಾಯರೇ ಉತ್ತರ ಕೊಟ್ಟರು. ಡಾಕ್ಟರಮ್ಮನ ಕಣ್ಣು ಮಾತ್ರ ಮೇಷ್ಟ್ರ ಮೇಲಿತ್ತು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಮಂಚದ ಮೇಲೆ ಒಂದೇ ಸಮನೆ ಹೊರಳಾಟ. ಹೊಟ್ಟೆಯೊಳಗೆ ಹುಣ್ಣು ಒಡೆದವರು ಅಲುಗಾಡಲೂ ಹೆದರುತ್ತಾರೆ, ಕಲ್ಲಿನವರು ಕೂತಲ್ಲಿ ಕೂರುವುದಿಲ್ಲ. ಸ್ಕ್ಯಾನಿನಲ್ಲಿ ಸಿಕ್ಕಿದ್ದೂ ಅದೇ, ಮೂತ್ರನಾಳದಲ್ಲಿ 5 ಮಿಲಿಮೀಟರಿನ ಕಲ್ಲು. ಇಂಜೆಕ್ಷನ್ನಿಗೆ ನೋವು ಇಳಿಯಿತು, ಅದರ ಹಿಂದೆಯೇ ಬಿಪಿ 138ಕ್ಕೆ ಬಂತು.

"ಏರಿದ್ದು ಹೆಚ್ಚಿಗೆ ನೋವಿಗೇ. ನೋವಿಲ್ಲದಾಗ ಇನ್ನೆರಡು ಸಲ ನೋಡಿ ಮಾತ್ರೆ ಬೇಕೋ ಬೇಡವೋ ಹೇಳ್ತೀನಿ."

ಮಾತ್ರೆಯನ್ನೇ ಬರೆಯದ ಡಾಕ್ಟರನ್ನು ರಾಯರು ಕನಿಕರದಿಂದ ನೋಡಿದರು.

ವಾಪಸು ಬರುವಾಗ ಆಟೋದಲ್ಲಿ ಮೇಷ್ಟ್ರ ತೊಡೆ ತಟ್ಟಿ ಕೇಳಿದರು, "ಅಲ್ರೀ, ಕಲ್ಲು ತಾನಾಗಿ ನಡೆಯುತ್ತಾ? ಅದನ್ನ ಮೇಲಿಂದ ಕೆಳಕ್ಕೆ ತಳ್ಳಿದ್ದು ಯಾವುದು ಹೇಳಿ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಡ್ರೈವರ್ ಹಿಂತಿರುಗಿ, "ಗ್ಯಾಸೇ ಸಾರ್. ನಮ್ ಗಾಡೀನೂ ಅದರಲ್ಲೇ ಓಡೋದು" ಎಂದ.