ಹೋಗದ ಊರಿಗೆ ಮೂವತ್ತೆಂಟು ಕಿಲೋಮೀಟರ್

ಡಾಕ್ಟರು ರಿಪೋರ್ಟು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಒಂದೇ ಮಾತು ಹೇಳಿದರು: "ನಡೀರಿ." ನಾನು ಎದ್ದು ಬಾಗಿಲವರೆಗೆ ಹೋದೆ. "ಹೊರಗಲ್ಲರೀ! ದಿನಾ ಮುಂಜಾನೆ ನಡೀರಿ ಅಂದೆ. ಶುಗರ್ ಏರ್ಯಾದ, ಬಿಪಿ ಅದರ ಬೆನ್ನಿಗೇ ಬರ್ಲಿಕತ್ಯಾದ" ಎಂದು ಕೂಗಿ ಕರೆದರು. ಔಷಧಿ ಬರೆದುಕೊಡುವುದಕ್ಕೂ ಹೊರಗೆ ಕಳಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು ಸಾಕೆಂಬುದು ನನಗೆ ಅಂದೇ ಹೊಳೆದದ್ದು.

ನಡೆಯಲು ನನಗೇನೂ ತಕರಾರಿರಲಿಲ್ಲ, ತಕರಾರಿದ್ದದ್ದು ರಾಯಚೂರಿಗೆ. ಮೇ ತಿಂಗಳಲ್ಲಿ ಬಿಸಿಲು 44 ಡಿಗ್ರಿ ಮುಟ್ಟುತ್ತದೆ. ನಮ್ಮೂರಲ್ಲಿ ಸೂರ್ಯ ಮುಂಜಾನೆ ಆರಕ್ಕೇ ಮಧ್ಯಾಹ್ನದ ಮುಖ ಹೊತ್ತು ಹುಟ್ಟುತ್ತಾನೆ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿ ಕಸಿದುಕೊಂಡು ಬರಿಗಾಲಲ್ಲಿ ಮನೆಗೆ ಕಳಿಸುತ್ತದೆ. ಚಳಿಗಾಲ ಹಿತವಾಗಿರುತ್ತದೆ, ಆದರೆ ಮಾರುಕಟ್ಟೆಗೆ ಹತ್ತಿ ತರುವ ಗಾಡಿಗಳೂ ಆ ಹಿತ ನೋಡಿಕೊಂಡೇ ಬರುತ್ತವೆ. ಮಾವಿನ ಕೆರೆ ಕಡೆ ಹೋಗೋಣವೆಂದರೆ ದಾರಿಯಲ್ಲಿ ಮಿರ್ಚಿ ಬಂಡಿ. ಮಂಡಾಳ ಒಗ್ಗರಣೆಯ ವಾಸನೆಯನ್ನು ನಿಲ್ಲದೆ ದಾಟಿಹೋದ ಶೂರರನ್ನು ನಾನಂತೂ ಕಂಡಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಹೆಂಡತಿ ಅಂದಳು: "ನೆಪ ಹೇಳಬೇಕಾದ್ರ ನಿಮಗ ಏದುಸಿರು ಬರಂಗಿಲ್ಲ ನೋಡ್ರಿ."

ಅದಕ್ಕೇ ಮನೆಗೆ ಎಲಿಪ್ಟಿಕಲ್ ಬಂತು. ಕಂಡಿಲ್ಲದವರಿಗಾಗಿ ಹೇಳುತ್ತೇನೆ: ಎರಡು ಪೆಡಲಿನ ಮೇಲೆ ನಿಂತು, ಎರಡು ಹಿಡಿಕೆ ಹಿಂದೆ ಮುಂದೆ ಎಳೆಯುತ್ತ, ಮೊಟ್ಟೆಯಾಕಾರದ ದಾರಿಯಲ್ಲಿ ಪಾದ ಸುತ್ತಿಸುತ್ತ, ಇದ್ದಲ್ಲೇ ಇರುವ ಯಂತ್ರ ಇದು. ಅಂಗಡಿಯವರು ಕ್ರಾಸ್ ಟ್ರೇನರ್ ಎಂದೂ ಕರೆಯುತ್ತಾರೆ. ಪಾದ ಪೆಡಲು ಬಿಟ್ಟು ಮೇಲೇಳುವುದಿಲ್ಲವಾದ್ದರಿಂದ ಮೊಣಕಾಲಿಗೆ ಪೆಟ್ಟು ಕಮ್ಮಿ. ಇದು ಅದರ ನಿಜವಾದ ಗುಣ. ಉಳಿದ ಗುಣಗಳನ್ನೆಲ್ಲ ಅಂಗಡಿಯವನು ಸೇರಿಸಿದ.

"ಸರ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದ" ಎಂದ. ಮೊಮ್ಮಕ್ಕಳ ಕಾಲಕ್ಕೆ ನಾನು ಬರಬೇಕೆಂದು ಹೋದವನಿಗೆ, ಯಂತ್ರ ಬರುವ ಭರವಸೆ ಸಿಕ್ಕಿತು. ಹತ್ತು–ಹದಿನೈದು ಸಾವಿರದ ಮಾಲು ಮುಂದೆ ನಿಂತಿತ್ತು, ಐವತ್ತು ಸಾವಿರದ್ದು ಗಾಜಿನ ಹಿಂದೆ. ಅಗ್ಗದ್ದರ ಮೇಲೆ ಹತ್ತಿದೆ. ಹೆಜ್ಜೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು; ಮದುವೆ ಮಂಟಪದಲ್ಲಿ ಸಪ್ತಪದಿ ತುಳಿದಂತಾಯಿತು. ತಿರುಗುವ ಭಾರದ ಚಕ್ರ, ಅಂದರೆ ಫ್ಲೈವ್ಹೀಲ್, ಎಷ್ಟು ತೂಕವೆಂದು ಕೇಳಿದರೆ "ಒಳಗ ಅದ ಸರ" ಎಂದ. ಗ್ಯಾರಂಟಿ ಕೇಳಿದೆ. "ಫ್ರೇಮಿಗೆ ಅದ." ಅಂದರೆ ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆಂದು ಕಂಪನಿ ಧೈರ್ಯವಾಗಿ ಬರೆದುಕೊಡುತ್ತದೆ. ಬೇರಿಂಗು, ಬುಶ್ಶು, ಬೆಲ್ಟು ಅಂದರೆ ತಿರುಗುವ, ಸವೆಯುವ, ಕಿರುಗುಡುವ ಭಾಗಗಳೆಲ್ಲ ದೈವದ ಪಾಲು.

ಹಣ ಕೊಟ್ಟ ಮೇಲೆ ಬರುವ ಬುದ್ಧಿಯನ್ನು ಪುಕ್ಕಟೆ ಹಂಚುತ್ತೇನೆ, ತಗೊಳ್ಳಿ. ಹೆಜ್ಜೆ 18 ಇಂಚಿಗಿಂತ ಕಮ್ಮಿಯಿದ್ದರೆ ದೊಡ್ಡವರಿಗೆ ಅದು ನಡಿಗೆಯಲ್ಲ, ಪರದಾಟ. ಫ್ಲೈವ್ಹೀಲ್ ನಾಲ್ಕು ಕಿಲೋ ಇದ್ದರೆ ತುಳಿತ ಜರ್ಕು ಹೊಡೆಯುತ್ತದೆ; ಏಳೆಂಟು ಕಿಲೋ ಇದ್ದರೆ ಹರಿಯುತ್ತದೆ. ತುಳಿತ ಬಿಗಿ ಮಾಡಲು ಪಟ್ಟಿ ಉಜ್ಜುವ ಮಾಲು ಬೇಡ, ಪಟ್ಟಿ ಸವೆಯುತ್ತದೆ. ಅಯಸ್ಕಾಂತದ್ದು ಮುಟ್ಟದೆಯೇ ತಡೆಯುತ್ತದೆ. 100 ಕಿಲೋ ತಾಳುತ್ತದೆಂದು ಬರೆದಿದ್ದರೆ 80 ಕಿಲೋದವರಿಗಷ್ಟೇ ಎಂದು ಓದಿಕೊಳ್ಳಿ. ಕರೆಂಟು ಬೇಡದ, ಸೆಲ್ಲಿನಲ್ಲಿ ಲೆಕ್ಕ ತೋರಿಸುವ ಮಾಲೇ ನಮಗೆ ವಾಸಿ. ಪೆಡಲು ನಿಮ್ಮನ್ನು ಸುಮಾರು ಒಂದಡಿ ಮೇಲೆತ್ತುತ್ತದೆ, ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯ ಫ್ಯಾನು ನೋಡಿಕೊಳ್ಳಿ. ನನ್ನ ನೆತ್ತಿಗೂ ಫ್ಯಾನಿನ ರೆಕ್ಕೆಗೂ ಈಗ ಒಂದು ಗೇಣು ಅಂತರ. ಫ್ಯಾನು ಹಾಕಿದರೆ ಜೀವಭಯ, ಆರಿಸಿದರೆ ರಾಯಚೂರು.

ಈ ಯಂತ್ರದ ಹುಟ್ಟಿನ ಕಥೆಯೂ ಚಂದ ಇದೆ. ಅಮೆರಿಕದಲ್ಲಿ ಲ್ಯಾರಿ ಮಿಲ್ಲರ್ ಎಂಬ ಎಂಜಿನಿಯರು 1980ರ ದಶಕದಲ್ಲಿ ಕಾರಿನ ಪಕ್ಕ ಮಗಳನ್ನು ಓಡಿಸಿ, ಅದನ್ನು ಚಿತ್ರೀಕರಿಸಿ, ಓಡುವವರ ಪಾದ ಮೊಟ್ಟೆಯಾಕಾರದಲ್ಲಿ ಸುತ್ತುವುದನ್ನು ಕಂಡುಕೊಂಡನೆಂದು ಹೇಳುತ್ತಾರೆ. 1995ರಲ್ಲಿ ಪ್ರೀಕಾರ್ ಕಂಪನಿ ಅದನ್ನು ಯಂತ್ರವಾಗಿಸಿ ಮಾರಿತು. ಮಗಳು ಓಡಿದಳು, ಅಪ್ಪ ಕಾರಿನಲ್ಲಿ ಹೋದ. ಓಡುವವರೇ ಬೇರೆ, ಲೆಕ್ಕ ಇಡುವವರೇ ಬೇರೆ ಎಂಬ ನೇಮ ಅಲ್ಲಿಂದಲೇ ಶುರು.

ಆ ನೇಮ ನಮ್ಮ ಜಿಲ್ಲೆಗೆ ಹೊಸತಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಕಲ್ಲನ್ನು ಎಳೆದು ತಂದ ಬಗೆಯನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. ಬಂಡಿ ಎಳೆಯುತ್ತಿರುವ ಕೋಣಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ತಳ್ಳುತ್ತಿರುವ ಜನ. ಅವರೆಷ್ಟು ಕ್ಯಾಲರಿ ಸುಟ್ಟರೋ ಬರೆದಿಲ್ಲ. ಶಾಸನದಲ್ಲಿ ಹೆಸರಿರುವುದು ಕಟ್ಟಿಸಿದವರದ್ದು.

ದೇವದುರ್ಗದ ಆಫೀಸಿಗೆ ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕಿಟಕಿಯಿಂದ ಕಾಣುವುದು ಬಗ್ಗಿದ ಬೆನ್ನುಗಳು. ಹೊತ್ತು ಮುಳುಗುವಾಗ ಅದೇ ಬೆನ್ನುಗಳ ಮೇಲೆ ಗಂಟು. ಹಂಗಾಮು ಮುಗಿದರೆ ಗುಳೆ. ದೇವದುರ್ಗ, ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಬೆಂಗಳೂರು ಬಸ್ಸಿಗೆ ಕಾಯುವವರನ್ನು ನೋಡಿ: ಹಾಸಿಗೆ ಸುತ್ತಿದ ಚೀಲ, ರೊಟ್ಟಿ ಬುತ್ತಿ, ಕಂಕುಳಲ್ಲಿ ಕೂಸು. ಅಲ್ಲಿ ಹತ್ತಂತಸ್ತಿನ ಅಪಾರ್ಟ್‌ಮೆಂಟಿಗೆ ಇಟ್ಟಿಗೆ, ಮರಳು ಹೊರುತ್ತಾರೆ. ಕಟ್ಟಡ ಮುಗಿದ ಮೇಲೆ ಜಿಮ್ ತೆರೆಯುತ್ತದೆ, ಕಿಟಕಿಗೆ ಮುಖ ಮಾಡಿ ಎಲಿಪ್ಟಿಕಲ್ ನಿಲ್ಲುತ್ತದೆ. ಸಾಹೇಬರು ಅದರ ಮೇಲೆ ಏದುಸಿರು ಬಿಡುವ ಹೊತ್ತಿಗೆ ನಮ್ಮ ಹೆಣ್ಣುಮಗಳು ಪಕ್ಕದ ಸೈಟಿನಲ್ಲಿ ಮರಳಿನ ಪುಟ್ಟಿ ಹೊತ್ತು ಎಂಟನೇ ಮಹಡಿ ಏರಿರುತ್ತಾಳೆ. ಆಕೆಗೆ ಯಾವ ಡಾಕ್ಟರೂ "ನಡೀರಿ" ಅಂದಿಲ್ಲ, ಮೇಸ್ತ್ರಿ ಅಂದಿದ್ದಾನೆ.

ಇದ್ದಲ್ಲೇ ತುಳಿದು ಬೆವರಿಳಿಸುವುದರಲ್ಲಿ ಜಿಲ್ಲೆಗೆ ಬೇರೆ ಅನುಭವವೂ ಇದೆ. ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತ ಜನ ಸಾವಿರ ದಿನ ದಾಟಿಸಿದರು. ಮನವಿ ಬೆಂಗಳೂರಿಗೆ ಹೋಯಿತು, ದೆಹಲಿಗೆ ಹೋಯಿತು, ಎಡಗಾಲು ಮುಂದೆ ಬಂದಾಗ ಬಲಗಾಲು ಹಿಂದಕ್ಕೆ. ಪೆಡಲು ತಿರುಗಿತು, ಜಾಗ ಬದಲಾಗಲಿಲ್ಲ. ತುಳಿದು ಹುಟ್ಟಿಸುವ ಶಕ್ತಿಯ ಲೆಕ್ಕವನ್ನೂ ಹಾಕಿ ನೋಡಿದೆ. ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1720 ಮೆಗಾವಾಟ್‌ನದು; ಅಲ್ಲಿಂದ ನಾಡೆಲ್ಲ ಬೆಳಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ. ಮನುಷ್ಯ ಸುಸ್ತಾಗದಂತೆ ತುಳಿದರೆ ಸುಮಾರು 100 ವಾಟ್ ಹೊರಡುತ್ತದೆ. ಆ ಸ್ಥಾವರದ ಸಮ ನಿಲ್ಲಲು 1 ಕೋಟಿ 72 ಲಕ್ಷ ಜನ ಏಕಕಾಲಕ್ಕೆ ತುಳಿಯಬೇಕು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿರುವುದು 19.28 ಲಕ್ಷ. ಕೂಸುಗಳನ್ನೂ ಯಂತ್ರ ಹತ್ತಿಸಿದರೂ ಇನ್ನೂ ಎಂಟು ರಾಯಚೂರು ಜಿಲ್ಲೆ ಬೇಕು.

ಆರನೇ ತಿಂಗಳಿಗೆ ನನ್ನ ಯಂತ್ರ ಕಿರುಗುಡತೊಡಗಿತು. ಕಂಪನಿಗೆ ಫೋನು ಮಾಡಿದರೆ, ರಾಯಚೂರು ಯಾವ ರಾಜ್ಯದಲ್ಲಿದೆ ಎಂದು ಕೇಳಿ, ಮೆಕ್ಯಾನಿಕ್ ಹೈದರಾಬಾದಿನಿಂದ ಬರಬೇಕೆಂದರು. ಬರಲಿಲ್ಲ. ಕೊನೆಗೆ ಪೆಡಲಿನ ತೋಳು ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದೇವದುರ್ಗಕ್ಕೆ ಒಯ್ದೆ. ಅಲ್ಲಿ ಸೈಕಲ್ಲು, ಹೊಲಿಗೆ ಮಿಷನ್ನು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಬೇರಿಂಗು ಹೊರತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ, ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದರು. ಅಂಚಿನ ಮೇಲೆ ನಂಬರಿತ್ತು. "ಇದೇನು ಅಮೆರಿಕಾದ್ದಲ್ಲ ಸರ, ಇದೇ ನಂಬರು ರಾಯಚೂರಿನ ಬೇರಿಂಗ್ ಅಂಗಡ್ಯಾಗ ಸಿಗ್ತದ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆದ್ರ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ತುಳದು ಸವದದ್ದಲ್ಲ. ನಿಂತು ತುಕ್ಕು ಹಿಡದದ್ದು."

ಬಾಳಿಕೆಯ ವಿಷಯದಲ್ಲಿ ನಾನು ಕೇಳಿದ ಒಂದೇ ನಿಜವಾದ ಮಾತು ಅದು. ಆದ್ದರಿಂದ ಕೊಳ್ಳುವವರಿಗೆ ಹೇಳುವುದಿಷ್ಟೆ. ಮೊದಲು ಅರವತ್ತು ದಿನ ಬೀದಿಯಲ್ಲಿ ನಡೆಯಿರಿ, ಬಿಸಿಲು ಏರುವ ಮೊದಲು. ಅರವತ್ತೊಂದನೇ ದಿನವೂ ನಡೆಯುತ್ತಿದ್ದರೆ ನಿಮಗೆ ಯಂತ್ರ ಬೇಕಾಗಿಲ್ಲ. ಮೂರನೇ ದಿನಕ್ಕೇ ಬಿಟ್ಟಿದ್ದರೂ ಬೇಕಾಗಿಲ್ಲ. ನಡುವೆ ಉಳಿದವರು, ಮೊಣಕಾಲು ನೋವಿನವರು, ಹೊರಬೀಳಲಾಗದವರು ಕೊಳ್ಳಿ. ಆದರೆ ಬೇರಿಂಗಿನ ನಂಬರು ಕೇಳದೆ ದುಡ್ಡು ಎಣಿಸಬೇಡಿ.

ಮೊನ್ನೆ ಮಾನ್ವಿಯಿಂದ ಅವ್ವ ಫೋನು ಮಾಡಿದ್ದಳು. "ಯಪ್ಪಾ, ನಡಿಯೋ ಮಿಷನ್ ತಗೊಂಡೀಯಂತಲ್ಲ, ಎಲ್ಲೀತನ ಬಂದಿ?" ನಗಬೇಕೆಂದುಕೊಂಡವನು ಎದ್ದು ಹೋಗಿ ಯಂತ್ರದ ಮೇಲಿನ ಟವೆಲ್ಲು ಸರಿಸಿ ನೋಡಿದೆ: ಒಟ್ಟು 38 ಕಿಲೋಮೀಟರ್. ರಾಯಚೂರಿನಿಂದ ಮಾನ್ವಿಗೆ ಸುಮಾರು 45. ಹದಿನಾಲ್ಕು ತಿಂಗಳು ತುಳಿದು ನಾನಿನ್ನೂ ಮಾನ್ವಿಗಿಂತ ಮೊದಲು ಸಿಗುವ ನೀರಮಾನ್ವಿಯ ಆಸುಪಾಸಿನಲ್ಲೇ ಇದ್ದೇನೆ.