ಸಿಂಥ್ ಮಾಸ್ತರ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ತಾವರಗೇರಾದ ಸುತ್ತಲಿನ ಹಳ್ಳಿಗಳಲ್ಲಿ ನಾಟಕದ ಸ್ಟೇಜುಗಳು ಏಳುತ್ತವೆ. ಸ್ಟೇಜಿನ ಮುಂದೆ ಹಾರ್ಮೋನಿಯಂ ಪೇಟಿಯವರು, ತಬಲಾದವರು, ರಿದಂ ಪ್ಯಾಡಿನವರು ಸಾಲಾಗಿ ಕುಳಿತಿರುತ್ತಾರೆ. ನಾಲ್ಕು ಊರಿಗೆ ಒಬ್ಬರಂತೆ ಆ ಸಾಲಿನ ತುದಿಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಹೆಡ್‌ಫೋನು, ತೊಡೆಯ ಮೇಲೆ ಮೈಕ್ರೋಕಾರ್ಗ್ ಎಂಬ ಪುಟ್ಟ ಸಿಂಥಸೈಜರ್. ಇವರೇ ಸಿಂಥ್ ಮಾಸ್ತರ.

ಮಾಸ್ತರರ ಮೂಲ ವಿದ್ಯೆ ಪೇಟಿಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳೊಬ್ಬರ ಮುಂದೆ ಕುಳಿತು ಸ್ವರ ತಿದ್ದಿಕೊಂಡವರು. ಭಜನೆಗೆ ಅವರು ‘ಕಾಳಿ ಎರಡು’ ಹಿಡಿದರೆ ಹಾಡುವವರು ಕಣ್ಣು ಮುಚ್ಚಿ ಶ್ರುತಿಗೆ ಕೂಡಿಕೊಳ್ಳುತ್ತಿದ್ದರು. ಅಂಥ ಮನುಷ್ಯ ಒಂದು ದಿನ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ವರ್ಚುವಲ್ ಅನಲಾಗ್ ಸಿಂಥಸೈಜರ್ ತರಿಸಿಬಿಟ್ಟರು.

ಪಾರ್ಸೆಲ್ ಬಿಚ್ಚಿದ ಸಂಜೆ ಮನೆಮಂದಿಯೆಲ್ಲ ಸುತ್ತ ಕೂತಿದ್ದರು. ಮಾಸ್ತರರು ಸ್ವಿಚ್ ಹಾಕಿದರು, ಕೆಂಪು ಅಂಕಿ ಹೊತ್ತಿದವು, ಮಣೆ ಒತ್ತಿದರು. ಸದ್ದಿಲ್ಲ. ಮೈಕ್ರೋಕಾರ್ಗ್‌ಗೆ ಒಳಗಡೆ ಸ್ಪೀಕರೇ ಇರಲಿಲ್ಲ.

“ಮೂಕ ಪೇಟಿ ಕೊಟ್ಟ ಕಳಿಸ್ಯಾರ,” ಎಂದರು ಹೆಂಡತಿ. “ಈ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತು. ಅದು ಒದರೋದರ ಒದರ್ತಿತ್ತು.”

ಹಾಗಾದರೆ ಇದು ಏನು ಎಂದು ಕೇಳಿದವರಿಗೆ ಮಾಸ್ತರರ ಹತ್ತಿರ ಸಿದ್ಧ ಉಪನ್ಯಾಸವಿದೆ. ಹಳೆಯ ಅನಲಾಗ್ ಸಿಂಥ್‌ಗಳಲ್ಲಿ ಸರ್ಕ್ಯೂಟಿನ ಕರೆಂಟೇ ಅಲೆಯಾಗಿ ನಾದ ಕೊಡುತ್ತಿತ್ತು. 1995ರಲ್ಲಿ ಸ್ವೀಡನ್ನಿನ ಕ್ಲೇವಿಯಾದವರು ನಾರ್ಡ್ ಲೀಡ್ ಎಂಬ ಕೆಂಪು ಕೀಬೋರ್ಡ್ ತಂದರು. ಅದರಲ್ಲಿ ಆ ಸರ್ಕ್ಯೂಟಿನ ನಡತೆಯನ್ನೆಲ್ಲ ಚಿಪ್ಪೊಂದು ಲೆಕ್ಕ ಹಾಕಿ ಆಡಿ ತೋರಿಸುತ್ತಿತ್ತು. ಜಪಾನಿನ ಕಾರ್ಗ್ 2000ದಲ್ಲಿ ಎಂಎಸ್2000 ತಂದಿತು. 2002ರಲ್ಲಿ ಅದೇ ಎಂಜಿನ್ನನ್ನು ಎರಡು ಕಿಲೋ ಚಿಲ್ಲರೆ ತೂಕದ ಮೈಕ್ರೋಕಾರ್ಗ್‌ನಲ್ಲಿ ತುಂಬಿತು. ಇಷ್ಟಾದರೂ ತಿಳಿಯದವರಿಗೆ ಮಾಸ್ತರರ ಕೊನೆಯ ಅಸ್ತ್ರ: “ಅರ್ಜುನ ಅಲ್ಲೋ ತಮ್ಮಾ, ಅರ್ಜುನನ ಪಾರ್ಟು. ಆದ್ರ ಪಾರ್ಟು ಮಾಡಾಂವ ಛಲೋ ಇದ್ದಾನ.”

“ಅದೆಲ್ಲ ಇರ್ಲಿರಿ. ಇದರಾಗ ಶಹನಾಯಿ ಐತೇನ್ರಿ?”

ಇಲ್ಲ. ಶಹನಾಯಿಯೂ ಇಲ್ಲ, ಕೊಳಲೂ ಇಲ್ಲ, ತಬಲಾ ಲಗ್ಗಿಯಂತೂ ಇಲ್ಲವೇ ಇಲ್ಲ. ಇರುವುದು ಆಸಿಲೇಟರು, ಫಿಲ್ಟರು, ಅವನ್ನು ತಿರುವುವ ಗುಂಡಿಗಳು. ಬೇಕಾದ ನಾದವನ್ನು ತಾನೇ ಕಟ್ಟಿಕೊಳ್ಳಬೇಕು. ಕಂಪನಿಯವರು ಕಟ್ಟಿಕೊಟ್ಟಿರುವ 128 ನಾದಗಳನ್ನು ಒಂದು ದೊಡ್ಡ ಗುಂಡಿಯ ಸುತ್ತ ಟ್ರಾನ್ಸ್, ಟೆಕ್ನೋ, ಹಿಪ್‌ಹಾಪ್ ಎಂದೆಲ್ಲ ಎಂಟು ಮನೆ ಮಾಡಿ ಹಂಚಿದ್ದಾರೆ. ಮಾಸ್ತರರು ಒಂದೊಂದರ ಮೇಲೂ ಬಿಳಿ ಪಟ್ಟಿ ಅಂಟಿಸಿ ಬಾಲ್‌ಪೆನ್ನಿನಿಂದ ತಿದ್ದಿದ್ದಾರೆ: ದೇವರು, ದೆವ್ವ, ಗೌಡ, ಮಳೆ, ಹಾವು, ಅಳು, ಕುಣಿತ. ಎಂಟನೆಯದು ವೋಕೋಡರ್. ಅದರ ಪಟ್ಟಿ ಬಹಳ ದಿನ ಖಾಲಿ ಇತ್ತು.

ಭಜನೆಗೆ ಒಯ್ದಾಗ ಕಷ್ಟ ಶುರುವಾಯಿತು. ಮೈಕ್ರೋಕಾರ್ಗ್ ಒಮ್ಮೆಗೆ ನುಡಿಸುವುದು ನಾಲ್ಕೇ ಸ್ವರ. ಶ್ರುತಿಗೆಂದು ಎಡಗೈ ಸಾ-ಪ-ಸಾ ಹಿಡಿದು ಕೂತರೆ ಮೂರು ಅಲ್ಲೇ ಖರ್ಚು. ಬಲಗೈಗೆ ಉಳಿದದ್ದು ಒಂದು. ಮಾಸ್ತರರು ಉತ್ಸಾಹದಲ್ಲಿ ಎರಡು ಮಣೆ ಒತ್ತಿದರೆ ಮೊದಲು ಹಿಡಿದ ಸಾ ಸದ್ದಿಲ್ಲದೆ ಎದ್ದು ಹೋಗುತ್ತದೆ. ಹಾಡುವವರು ಕಣ್ಣು ತೆರೆದು ನೋಡುತ್ತಾರೆ. ಮಣೆಗಳೋ ಮಕ್ಕಳ ಅಳತೆಯವು, ಒಟ್ಟು 37. ಹೊಲದಲ್ಲಿ ಕುಂಟೆ ಹಿಡಿದ ಬೆರಳಿಗೆ ಬೇಡಿದ್ದು ಒಂದು, ಬಂದದ್ದು ಎರಡು. ಒಮ್ಮೆ ಮಂಗಳಾರತಿಯ ಹೊತ್ತಿನಲ್ಲಿ ಕೈ ಆರ್ಪೆಜಿಯೇಟರ್ ಬಟನ್ನಿಗೆ ತಗಲಿತು; ಹಿಡಿದ ಸ್ವರಗಳು ತಾವಾಗಿಯೇ ಓಡತೊಡಗಿ, ಆರತಿ ತಟ್ಟೆ ಹಿಡಿದ ಅಯ್ಯನವರೂ ಬೆನ್ನು ಹತ್ತಿ ಓಡಬೇಕಾಯಿತು.

ಕರೆಂಟ್ ಹೋದಾಗ ಮಾಸ್ತರರ ಮುಖ ನೋಡಬೇಕು. ಇದು ಆರು ಪೆನ್‌ಸೆಲ್ಲಿನ ಮೇಲೂ ನಡೆಯುತ್ತದೆ ಎಂಬುದು ಅವರ ದೊಡ್ಡ ಅಭಿಮಾನ. ಆದರೆ ಆಂಪ್ಲಿಫೈಯರ್ ಸತ್ತಿರುತ್ತದಲ್ಲ! ಕತ್ತಲಲ್ಲಿ ಪಕ್ಕದವರ ಹಳೆಯ ಪೇಟಿಯೊಂದೇ ಊರಿಗೆಲ್ಲ ಕೇಳುತ್ತಿರುತ್ತದೆ. ಮಾಸ್ತರರು ಹೆಡ್‌ಫೋನ್ ಏರಿಸಿಕೊಂಡು ತಮ್ಮಷ್ಟಕ್ಕೆ ತಾವು ತಲೆದೂಗುತ್ತಾರೆ.

ಸಂಪ್ರದಾಯ ಕೆಟ್ಟಿತೆಂದು ಯಾರಾದರೂ ಹಿರಿಯರು ಗೊಣಗಿದರೆ ಮಾಸ್ತರರು ಇತಿಹಾಸಕ್ಕೆ ಇಳಿಯುತ್ತಾರೆ. ನೀವು ಪೂಜೆ ಮಾಡುವ ಪೇಟಿಯೂ ಯುರೋಪಿನಿಂದ ಬಂದದ್ದು. ಅದರಲ್ಲಿ ಮೀಂಡ್ ಬರುವುದಿಲ್ಲವೆಂದು ಆಕಾಶವಾಣಿಯವರು 1940ರಲ್ಲಿ ಅದಕ್ಕೆ ಬಾಗಿಲು ಹಾಕಿದವರು 1971ರವರೆಗೆ ತೆಗೆಯಲಿಲ್ಲ. ಇದರಲ್ಲಿ ನೋಡಿರಿ ಎಂದು ಎಡಗಡೆಯ ಬೆಂಡ್ ಚಕ್ರ ಉರುಳಿಸುತ್ತಾರೆ. ಸ್ವರ ಜಾರಿ ಮುಂದಿನ ಸ್ವರಕ್ಕೆ ಸೇರುತ್ತದೆ. ಹಿರಿಯರು ಒಪ್ಪದಿದ್ದರೆ ‘ಹಾವು’ ಎಂದು ಬರೆದ ಮನೆಗೆ ಗುಂಡಿ ತಿರುಗಿಸಿ ಪುಂಗಿ ಬಿಡುತ್ತಾರೆ. ಹೊರಗಿನ ಹುಡುಗರು ಅಷ್ಟೊತ್ತಿಗೆ ಹೆಡೆ ಎತ್ತಿರುತ್ತಾರೆ. 1954ರ ಹಿಂದಿ ಚಿತ್ರ ‘ನಾಗಿನ್’ನ ಪುಂಗಿ ನಿಜವಾದ ಪುಂಗಿಯಲ್ಲ, ಹೇಮಂತ್ ಕುಮಾರ್ ಸಂಗೀತದಲ್ಲಿ ಅದನ್ನು ಕ್ಲೇವಿಯೋಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನ ಮೇಲೆ ನುಡಿಸಿದವರು ಕಲ್ಯಾಣ್‌ಜಿ, ಮುಂದೆ ಆನಂದ್‌ಜಿ ಜೊತೆ ಜೋಡಿಯಾಗಿ ಹೆಸರಾದವರು. “ನಿಮ್ಮ ಲಗ್ನದ ಮೆರವಣಿಗ್ಯಾಗೂ ಇದಕ್ಕ ಕುಣದೀರಿ, ಅಜ್ಜಾರ,” ಎಂದು ಮಾಸ್ತರರು ಸಾಕ್ಷಿ ಮುಗಿಸುತ್ತಾರೆ.

ನಾಟಕದಲ್ಲಿ ಮಾತ್ರ ಅವರಿಗೆ ಎದುರಿಲ್ಲ. ನಾಯ್ಸ್ ಏರಿಸಿ ಫಿಲ್ಟರ್ ಇಳಿಸಿದರೆ ಗಾಳಿಮಳೆ. ದಪ್ಪ ಬೇಸಿಗೆ ಚೂರು ನಡುಕ ಕೊಟ್ಟರೆ ಗೌಡ ಮೀಸೆ ತಿರುವುತ್ತ ಬಂದಂತೆ. ಕಳೆದ ಜಾತ್ರೆಯಲ್ಲಿ ಎಂಟನೆಯ ಮನೆಗೂ ಕೆಲಸ ಸಿಕ್ಕಿತು. ವೋಕೋಡರ್‌ನಲ್ಲಿ ಮೈಕಿಗೆ ಮಾತಾಡುತ್ತ ಮಣೆ ಒತ್ತಿದರೆ, ಮಾತು ಮನುಷ್ಯನದು, ಸ್ವರ ಯಂತ್ರದ್ದು. ಕೊಲೆಯಾದ ಅಣ್ಣ ದೆವ್ವವಾಗಿ ಬರುವ ದೃಶ್ಯಕ್ಕೆ ಅದನ್ನೇ ಹಚ್ಚಿದರು. ಮೈಕು ಕೀಬೋರ್ಡಿಗೇ ಸಿಕ್ಕಿಸಿದ್ದಾದ್ದರಿಂದ ಪಾತ್ರಧಾರಿ ಮೇಲೆ ಬಾಯಿ ಆಡಿಸಿದ, ಮಾತು ಕೆಳಗಿನಿಂದ ಮಾಸ್ತರರು ಆಡಿದರು. ಮುಂದಿನ ಸಾಲಿನ ಮಕ್ಕಳು ಚೀರಿಕೊಂಡು ತಾಯಂದಿರ ಸೆರಗಿಗೆ ಬಿದ್ದವು. ಮುಯ್ಯಿಯ ನೋಟುಗಳು ಬಂದವು. ಯಾರಿಗೆ ಬಂದವು ಎಂಬುದೇ ತಂಟೆಯಾಯಿತು.

ಈ ಸಲದ ಹ್ಯಾಂಡ್‌ಬಿಲ್ಲಿನಲ್ಲಿ ತಮ್ಮ ಹೆಸರು ಸಂಗೀತದ ಸಾಲಿನಲ್ಲಲ್ಲ, ಪಾತ್ರವರ್ಗದಲ್ಲಿ ಬರಬೇಕೆಂದು ಮಾಸ್ತರರ ಹಟ. ಮುಖ ನನ್ನದು ಎಂದು ಪಾತ್ರಧಾರಿ. ಕಮಿಟಿಯವರು ಮೂರು ಸಲ ಚಹಾ ಕುಡಿಸಿ ಇಬ್ಬರ ಹೆಸರೂ ಹಾಕಿಸುವುದೆಂದು ತೀರ್ಮಾನ ಮಾಡಿದರು. ಆಮೇಲೆ ಪ್ರೆಸ್ಸಿನಿಂದ ಫೋನ್ ಬಂತು: ದೆವ್ವದ ಜಾಗಕ್ಕೆ ಯಾರ ಫೋಟೊ ಹಾಕಲಿ? ಮಾಸ್ತರರು ಪಾತ್ರಧಾರಿಯ ಕಡೆ ಬೆರಳು ಮಾಡಿದರು, ಪಾತ್ರಧಾರಿ ಮಾಸ್ತರರ ಕಡೆ.