ಓಡ್ತಾ ಇದೆಯಲ್ಲ!

ಟೈಮಿಂಗ್ ಬೆಲ್ಟ್ ಬದಲಾಯಿಸಿ ಎಂದು ಮೆಕ್ಯಾನಿಕ್ ಹೇಳಿದಾಗ ‘ಓಡ್ತಾ ಇದೆಯಲ್ಲ’ ಎನ್ನುವವರು ಮಾಲೂರಿನಲ್ಲೂ ಇದ್ದಾರೆ, ಕೋಲಾರದಲ್ಲೂ ಇದ್ದಾರೆ. ಆದರೆ ಕಸಿ ಮಾಡದ ಅಪ್ಪಟ ತಳಿ ನೋಡಬೇಕೆಂದರೆ ಶ್ರೀನಿವಾಸಪುರಕ್ಕೇ ಬರಬೇಕು. ನಮ್ಮ ಚಿಕ್ಕಪ್ಪ ಅಲ್ಲಿದ್ದಾರೆ.

ಅವರದು 2012ರ ಡೀಸೆಲ್ ಇನ್ನೋವಾ. ಅದಕ್ಕೆ ಆಗುವ ಉಪಚಾರ ಮನೆಯ ಅಳಿಯನಿಗೂ ಇಲ್ಲ. ಮುಂದೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಪ್ರತಿ ಅಮಾವಾಸ್ಯೆಗೆ ಹೊಸದಾಗುತ್ತವೆ. ಟಯರ್ ಬದಲಾಯಿಸಿದರೆ ಕುರುಡುಮಲೆ ಗಣಪತಿಯ ಮುಂದೆ ನಿಲ್ಲಿಸಿ ತೆಂಗಿನಕಾಯಿ ಒಡೆದ ಮೇಲೆಯೇ ಬೇರೆ ದಾರಿ. ಷೋರೂಮಿನವರು ಸೀಟಿಗೆ ಹಾಕಿ ಕೊಟ್ಟ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ಬೇಸಿಗೆಯಲ್ಲಿ ಕೂತೆದ್ದರೆ ಬೆನ್ನಿನ ಚರ್ಮ ಅಲ್ಲೇ ಉಳಿಯುತ್ತದೆ. ಕಣ್ಣಿಗೆ ಕಾಣುವ ಯಾವುದರಲ್ಲೂ ಅವರು ಜಿಪುಣರಲ್ಲ.

ಬೆಲ್ಟು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ನಿನ ಮುಂದೆ ಮುಚ್ಚಳದ ಹಿಂದೆ ಕೂತಿರುವ ಹಲ್ಲಿನ ರಬ್ಬರ್ ಪಟ್ಟಿ ಅದು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಮೇಲಿನ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರುವಂತೆ ನೋಡಿಕೊಳ್ಳುತ್ತದೆ. ಅದು ಹರಿದರೆ, ಮೇಲೆ ನುಗ್ಗುವ ಪಿಸ್ಟನ್ನು ತೆರೆದು ನಿಂತ ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬಾಗಿತು, ಹೆಡ್ ಬಿಚ್ಚಬೇಕು, ಬೆಲ್ಟಿನ ಖರ್ಚಿನ ಹತ್ತಾರು ಪಟ್ಟು ಕೈಬಿಡುತ್ತದೆ. ಹರಿಯುವ ಮುಂಚೆ ಅದು ಸದ್ದು ಮಾಡಲೇಬೇಕೆಂದಿಲ್ಲ. ಕೀಚು ಕೀಚು ಎನ್ನುವುದು ಸಾಮಾನ್ಯವಾಗಿ ಹೊರಗಿನ ಫ್ಯಾನ್ ಬೆಲ್ಟು. ಅದಕ್ಕೇ ಕಂಪನಿಯವರು ಇಷ್ಟು ಕಿಲೋಮೀಟರು ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿಟ್ಟಿರುತ್ತಾರೆ. ಇದನ್ನೆಲ್ಲ ನಾನು ಕೈಪಿಡಿ ಓದಿ ಕಲಿತವನು. ಬಾನೆಟ್ ತೆಗೆಯುವ ಕೊಂಡಿ ಎಲ್ಲಿದೆ ಎಂದು ಈಗಲೂ ಚಿಕ್ಕಪ್ಪನನ್ನೇ ಕೇಳುತ್ತೇನೆ, ಆ ಮಾತು ಬೇರೆ.

ಇನ್ನೋವಾ ಪಾಪ ತಾನಾಗಿಯೇ ಹೇಳಿತು. ಡ್ಯಾಷ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ಎಂಬ ದೀಪ ಹತ್ತಿತು. ಅದು ಬೆಲ್ಟನ್ನು ಮುಟ್ಟಿ ನೋಡಿ ಹತ್ತುವ ದೀಪವಲ್ಲ, ಓಡಿದ ದೂರ ಎಣಿಸಿ ಹತ್ತುವಂಥದ್ದು. ಈ ಸತ್ಯ ಯಾರೋ ಚಿಕ್ಕಪ್ಪನ ಕಿವಿಗೆ ಹಾಕಿಬಿಟ್ಟರು. “ಬರೀ ಲೆಕ್ಕ ಅಷ್ಟೇನಾ? ಏಮೀ ಕಾದು ಬಿಡಪ್ಪ” ಎಂದವರೇ ಚಿಕ್ಕಮ್ಮನ ಸ್ಟಿಕ್ಕರ್ ಬೊಟ್ಟು ಒಂದನ್ನು ಕಿತ್ತು ದೀಪದ ಮೇಲೆ ಅಂಟಿಸಿದರು.

ಆ ಬೊಟ್ಟಿನ ಪಕ್ಕದಲ್ಲಿ ಕೂತು ನಾನು ತಿರುಪತಿಗೆ ಹೋಗಿಬಂದೆ. ಮುಳಬಾಗಿಲಿನಲ್ಲಿ ದೋಸೆ ತಿನ್ನುವಾಗ ಧೈರ್ಯ ಮಾಡಿ ವಿಷಯ ಎತ್ತಿದೆ.

“ನಮ್ಮ ರಾಯಲ್ಪಾಡು ಬೀಗರ ಡೀಸೆಲ್ ಸ್ವಿಫ್ಟು ಎಷ್ಟು ಓಡಿದೆ ಗೊತ್ತಾ? ಅವರು ಬೆಲ್ಟ್ ಹಾಕ್ಸಿದಾರಾ?”

“ಅದಕ್ಕೆ ಬೆಲ್ಟೇ ಇಲ್ಲ ಚಿಕ್ಕಪ್ಪ, ಚೈನು. 2016ರಲ್ಲಿ ಬಂದ ಕ್ರಿಸ್ಟಾ ಡೀಸೆಲ್‌ಗೂ ಚೈನೇ.”

“ನೋಡಿದ್ಯಾ! ಕಂಪನಿಯವರಿಗೇ ಬೆಲ್ಟಿನ ಸಹವಾಸ ಸಾಕಾಗಿದೆ.”

ನಂಗಲಿ ದಾಟಿತು, ಪಲಮನೇರು ದಾಟಿತು. ಮೊಗಿಲಿ ಘಾಟಿನಲ್ಲಿ ಹಿಂದಿನ ಸೀಟಿನವರೆಲ್ಲ ಗೋವಿಂದಾ ಎನ್ನುತ್ತಿದ್ದರೆ ನಾನು ಅದನ್ನೇ ಇನ್ನೂ ಮನಸಾರೆ ಎನ್ನುತ್ತಿದ್ದೆ. ಚಿಕ್ಕಪ್ಪ ಕಿಟಕಿ ಇಳಿಸಿ, “ಸೌಂಡ್ ಕೇಳು, ಬೆಣ್ಣೆ ಇದ್ದಂಗಿದೆ” ಎಂದರು. ಇದ್ದದ್ದೂ ಹಾಗೇ, ಅದೇ ಹೊಟ್ಟೆಯುರಿ.

ದುಡ್ಡಿನ ಆಸೆಗೆ ಹೀಗೆ ಮಾಡುತ್ತಾರೆ ಎಂದು ಬಹುಕಾಲ ಅಂದುಕೊಂಡಿದ್ದೆ. ಆಮೇಲೊಂದು ಬೇಸಿಗೆ ಅವರ ಜೊತೆ ಮಾವಿನ ತೋಟದಲ್ಲಿ ನಡೆದೆ. ತೊಟ್ಟಿನ ಬಳಿ ಕಾಯಿಯ ಹೆಗಲು ತುಂಬಿದೆಯಾ ನೋಡುತ್ತಾರೆ, ಅನುಮಾನವಿದ್ದರೆ ಒಂದನ್ನು ಬಕೆಟ್ಟಿನ ನೀರಿಗೆ ಹಾಕುತ್ತಾರೆ. ಮುಳುಗಿದರೆ ಬಲಿತಿದೆ, ತೇಲಿದರೆ ಇನ್ನೂ ಬಿಡಬೇಕು. ಕ್ಯಾಲೆಂಡರ್ ನೋಡಿ ಕಿತ್ತವರ ಬಾದಾಮಿ ಮಂಡಿಯಲ್ಲಿ ಸುಕ್ಕುಗಟ್ಟಿದ್ದನ್ನು ಕಂಡವರು ಅವರು. ರಾತ್ರಿ ಮಲಗಿದಲ್ಲಿಂದಲೇ ಬೋರಿನ ಮೋಟರಿನ ದನಿ ಕೇಳಿ ನೀರು ಇಳಿಯಿತೆಂದು ಎದ್ದು ಕೂರುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಆ ಕಿವಿಯೇ ಮನೆ ನಡೆಸಿದೆ. ಹೇಳದೆ ಕೇಳದೆ ಕೈಕೊಡುವ ವಸ್ತುವೂ ಉಂಟು ಎಂದರೆ ಅಂಥವರು ನಂಬುವುದು ಹೇಗೆ? ಬಿಪಿ ಮಾತ್ರೆಯದೂ ಅವರ ಮನೆಯಲ್ಲಿ ಇದೇ ಕಥೆ. ತಲೆ ಸುತ್ತಿಲ್ಲವಲ್ಲ ಎಂದು ಡಬ್ಬಿಯಲ್ಲೇ ಇವೆ. ಆ ಡಬ್ಬಿ ನೋಡಿದ ದಿನ ನನಗೆ ಬೆಲ್ಟು ಮರೆತೇಹೋಗಿತ್ತು.

ಕೊನೆಗೆ ಗೆದ್ದವರು ಚಿಕ್ಕಮ್ಮ. ಬೆಲ್ಟು ಹಾಕಿಸುವವರೆಗೆ ಕಾರು ಹತ್ತುವುದಿಲ್ಲವೆಂದು ಮಗಳ ಮನೆಗೆ ಬಸ್ಸಿನಲ್ಲಿ ಹೋದರು. ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಚಿಕ್ಕಪ್ಪ ಮರುದಿನವೇ ಗಾಡಿ ಬಿಟ್ಟು, ಬೆಲ್ಟು, ಟೆನ್ಷನರ್ ಎರಡನ್ನೂ ಹಾಕಿಸಿದರು. ಮೆಕ್ಯಾನಿಕ್ ಬೊಟ್ಟು ಕಿತ್ತು ದೀಪ ಆರಿಸಿದ. ಹಳೆಯ ಬೆಲ್ಟನ್ನು ಚಿಕ್ಕಪ್ಪ ಕೇಳಿ ಇಸ್ಕೊಂಡು ಬಂದರು.

ಈಗ ಹೋದವರಿಗೆಲ್ಲ ಕಾಫಿಗೆ ಮೊದಲು ಬೆಲ್ಟಿನ ದರ್ಶನ. ನನಗೂ ಆಯಿತು.

“ಒಂದು ಹಲ್ಲಾದರೂ ಹೋಗಿದ್ಯಾ, ನೋಡು.”

ತಿರುಗಿಸಿ ಮುರುಗಿಸಿ ನೋಡಿದೆ. “ಇಲ್ಲ ಚಿಕ್ಕಪ್ಪ.”

“ಮತ್ತೆ!” ಎಂದರು. ಬೆಲ್ಟನ್ನು ಪಂಚೆಯಲ್ಲಿ ಒರೆಸಿ ಬೀರುವಿನೊಳಗೆ ಇಡುತ್ತಾ ತಗ್ಗಿದ ದನಿಯಲ್ಲಿ ಸೇರಿಸಿದರು: “ಹೊಸದು ಕೈಕೊಟ್ರೆ ಇದನ್ನೇ ಹಾಕ್ಸಿದ್ರಾಯ್ತು.”